ಎಪ್ಪತ್ತು ವರ್ಷದ ಮೇಲೆ ಮತ್ತೆ ಪಂಕ್ತಿ ಕೂತ ಊಟದ ಮನೆ
ಹಾರ್ವರ್ಡ್‌ನ ಮೆಮೋರಿಯಲ್ ಹಾಲ್: 1874–2024

ಊರಿಂದ ಬಂದ ಅಪ್ಪ ಅಮ್ಮನನ್ನು ಬಾಸ್ಟನ್ ಸುತ್ತಲಿನ ಕನ್ನಡಿಗರು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಹಾರ್ವರ್ಡ್ ಯಾರ್ಡ್ ಒಂದು. ಜಾನ್ ಹಾರ್ವರ್ಡ್ ಪ್ರತಿಮೆಯ ಕಾಲು ಮುಟ್ಟಿ, ಫೋಟೊ ತೆಗೆಸಿಕೊಂಡು, ಲೈಬ್ರರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎಲ್ಲರೂ ಹಿಂತಿರುಗುತ್ತಾರೆ. ಯಾರ್ಡ್‌ನ ಉತ್ತರದ ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಕೆಂಪು ಇಟ್ಟಿಗೆಯ, ಬಣ್ಣಬಣ್ಣದ ಸ್ಲೇಟುಕಲ್ಲಿನ ಚಾವಣಿಯ, ಎತ್ತರದ ಗೋಪುರದ ಕಟ್ಟಡವೊಂದು ಎದುರಾಗುತ್ತದೆ. ಚರ್ಚ್ ಇರಬೇಕು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಅದು ಚರ್ಚ್ ಅಲ್ಲ. ಅದರ ಅರ್ಧ ಭಾಗ ಊಟದ ಮನೆ, ಇನ್ನೊಂದು ಬದಿ ರಂಗಮಂದಿರ, ನಡುವೆ ಯುದ್ಧದಲ್ಲಿ ಮಡಿದವರ ಹೆಸರು ಕೊರೆದ ಹಜಾರ. 2024ಕ್ಕೆ ಆ ಊಟದ ಮನೆ ಬಾಗಿಲು ತೆರೆದು ನೂರೈವತ್ತು ವರ್ಷ ತುಂಬಿತು. ಈ ನೂರೈವತ್ತು ವರ್ಷಗಳಲ್ಲಿ ಸುಮಾರು ಎಪ್ಪತ್ತು ವರ್ಷ ಅಲ್ಲಿ ಯಾರೂ ದಿನನಿತ್ಯದ ಊಟಕ್ಕೆ ಕೂರಲಿಲ್ಲ. ಹಾಗಿದ್ದೂ ಅದು ಮತ್ತೆ ಊಟದ ಮನೆಯೇ ಆಯಿತು ಎನ್ನುವುದು ಅದರ ಚರಿತ್ರೆಯ ದೊಡ್ಡ ಸಂಗತಿ.

ಕಟ್ಟಡಕ್ಕೂ ಮೊದಲು: 1636–1865

ಹಾರ್ವರ್ಡ್ ಕಾಲೇಜು ಸ್ಥಾಪನೆಯಾದದ್ದು 1636ರಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳ ಪದ್ಧತಿಯಂತೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೇ ಸೂರಿನಡಿ ಉಣ್ಣಬೇಕೆಂಬ ಏರ್ಪಾಡು ಇಲ್ಲಿಯೂ ಮೊದಲಿನಿಂದ ಇತ್ತು. ಅದನ್ನು ‘ಕಾಮನ್ಸ್’ ಎನ್ನುತ್ತಿದ್ದರು. ಏರ್ಪಾಡು ಒಳ್ಳೆಯದು, ಅಡುಗೆ ಮಾತ್ರ ಹಾಗಿರಲಿಲ್ಲ. 1766ರಲ್ಲಿ ಹಳಸಿದ ಬೆಣ್ಣೆ ಬಡಿಸಿದರೆಂದು ವಿದ್ಯಾರ್ಥಿಗಳು ಸಾಮೂಹಿಕವಾಗಿ ಊಟ ಬಿಟ್ಟು ಎದ್ದು ಹೋದರು. ಅಮೆರಿಕದ ಕಾಲೇಜುಗಳ ಮೊದಲ ವಿದ್ಯಾರ್ಥಿ ಚಳವಳಿಗಳಲ್ಲಿ ಒಂದೆಂದು ಈ ‘ಬೆಣ್ಣೆ ದಂಗೆ’ಯನ್ನು ಇಂದಿಗೂ ನೆನೆಯುತ್ತಾರೆ. ದೇಶ ಬ್ರಿಟಿಷರ ವಿರುದ್ಧ ಏಳುವುದಕ್ಕೆ ಇನ್ನೂ ಹತ್ತು ವರ್ಷವಿತ್ತು.

ಚಾರ್ಲ್ಸ್ ಬುಲ್‌ಫಿಂಚ್ ವಿನ್ಯಾಸ ಮಾಡಿದ ಬಿಳಿ ಕಲ್ಲಿನ ಯೂನಿವರ್ಸಿಟಿ ಹಾಲ್ 1815ರಲ್ಲಿ ಮುಗಿದಾಗ ಅದರ ಕೆಳಮಹಡಿಯಲ್ಲಿ ನಾಲ್ಕು ಊಟದ ಕೋಣೆಗಳಿದ್ದವು. ನಾಲ್ಕು ತರಗತಿಗೆ ನಾಲ್ಕು ಕೋಣೆ. ಬೇರೆ ಬೇರೆ ಕೂರಿಸಿದರೆ ಗಲಾಟೆ ಕಡಿಮೆಯಾದೀತು ಎಂಬ ನಿರೀಕ್ಷೆ ಕೈಗೂಡಲಿಲ್ಲ. ಶತಮಾನದ ನಡುವಿನ ಹೊತ್ತಿಗೆ ಕಾಮನ್ಸ್ ಪದ್ಧತಿಯೇ ನಿಂತುಹೋಯಿತು. ಹುಡುಗರು ಊರೊಳಗಿನ ಮನೆಗಳಲ್ಲಿ ದುಡ್ಡು ಕೊಟ್ಟು ಊಟ ಮಾಡತೊಡಗಿದರು. ಕೈಯಲ್ಲಿ ಕಾಸಿದ್ದವನಿಗೆ ಒಳ್ಳೆಯ ಮನೆ, ಇಲ್ಲದವನಿಗೆ ಸಿಕ್ಕಿದ್ದು. ವಾರಾನ್ನದ ಕಾಲವನ್ನು ಅಜ್ಜಂದಿರ ಬಾಯಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಓದಲು ಸೀಟು ಸಿಗುವುದು ಒಂದು, ಓದುವಷ್ಟು ಕಾಲ ಹೊಟ್ಟೆಗೆ ಸಿಗುವುದು ಇನ್ನೊಂದು.

1865ರಲ್ಲಿ ನಥಾನಿಯಲ್ ಥೇಯರ್ ಎಂಬ ದಾನಿಯ ನೆರವಿನಿಂದ, ರೈಲು ಓಡುವುದು ನಿಂತಿದ್ದ ಹಳೆಯ ನಿಲ್ದಾಣದ ಕಟ್ಟಡದಲ್ಲಿ ಅಗ್ಗದ ಊಟದ ವ್ಯವಸ್ಥೆ ಶುರುವಾಯಿತು. ಜನ ತುಂಬಿದರು. ದೊಡ್ಡ ಊಟದ ಮನೆ ಬೇಕೆಂಬುದು ಅಲ್ಲಿಯೇ ಎಲ್ಲರಿಗೂ ಮನವರಿಕೆಯಾಯಿತು.

ಅಡಿಗಲ್ಲು, ಹಜಾರ, ಗೋಪುರ: 1865–1878

ಅದೇ 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಒಕ್ಕೂಟದ ಪರವಾಗಿ ಹೋರಾಡಿ ಮಡಿದ ಹಾರ್ವರ್ಡ್‌ನವರು 136 ಮಂದಿ. ಇವರಿಗೊಂದು ಸ್ಮಾರಕವಾಗಬೇಕೆಂದು ಹಳೆಯ ವಿದ್ಯಾರ್ಥಿಗಳು ಸೇರಿ ತೀರ್ಮಾನಿಸಿದರು. ಯಾವ ರೀತಿಯ ಸ್ಮಾರಕ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ನೋಡಿದ ಕೂಡಲೇ ತಲೆಬಾಗುವಂಥ ಸ್ತಂಭವೋ ಪ್ರತಿಮೆಯೋ ಸಾಕೆಂದರು ಕೆಲವರು. ದಿನವೂ ಬಳಕೆಗೆ ಬರುವ ಕಟ್ಟಡವಾಗಬೇಕೆಂದರು ಉಳಿದವರು. ಚರ್ಚೆ ಸಾಕಷ್ಟು ನಡೆಯಿತು. ಕೊನೆಗೆ ಎರಡನೆಯ ಮಾತು ನಿಂತಿತು. ಆ ತೀರ್ಮಾನದ ಬೆಲೆ ಇವತ್ತು ನಿಚ್ಚಳವಾಗಿ ಕಾಣುತ್ತದೆ: ಸ್ತಂಭವಾಗಿದ್ದರೆ ವರ್ಷಕ್ಕೊಮ್ಮೆ ಹೂ ಇಡುವ ಜಾಗವಾಗಿ ಉಳಿಯುತ್ತಿತ್ತು.

ಐವತ್ತು ಜನರ ಸಮಿತಿ ಚಂದಾ ಎತ್ತಿತು. ಕೂಡಿದ ಹಣ 3,70,000 ಡಾಲರ್, ಆಗಿನ ಹಾರ್ವರ್ಡ್‌ನ ಒಟ್ಟು ದತ್ತಿನಿಧಿಯ ಹನ್ನೆರಡನೆಯ ಒಂದು ಪಾಲು. 1802ರ ತರಗತಿಯ ಚಾರ್ಲ್ಸ್ ಸ್ಯಾಂಡರ್ಸ್ ಸಭೆ ಸಮಾರಂಭಗಳಿಗೆ ಒಂದು ಭವನವಾಗಲೆಂದು ಉಯಿಲಿನಲ್ಲಿ ಬಿಟ್ಟಿದ್ದ 40,000 ಡಾಲರ್ ಇದರ ಜೊತೆ ಸೇರಿತು. ಡೆಲ್ಟಾ ಎಂದು ಕರೆಯುತ್ತಿದ್ದ ಮೂರು ಮೂಲೆಯ ಜಾಗ ಆಗ ಹುಡುಗರ ಆಟದ ಬಯಲು. ಅವರಿಗೆ ಬದಲಿಯಾಗಿ ಜಾರ್ವಿಸ್ ಫೀಲ್ಡ್ ಕೊಟ್ಟು ಆ ಜಾಗ ಬಿಡಿಸಿಕೊಂಡರು. ಕಟ್ಟಡದ ಹೊಣೆ ಬಿದ್ದದ್ದು ಇಬ್ಬರು ಹಳೆಯ ವಿದ್ಯಾರ್ಥಿಗಳ ಮೇಲೆ: 1852ರ ತರಗತಿಯ ವಿಲಿಯಂ ರಾಬರ್ಟ್ ವೇರ್, 1854ರ ತರಗತಿಯ ಹೆನ್ರಿ ವ್ಯಾನ್ ಬ್ರಂಟ್. ಇವರಲ್ಲಿ ವೇರ್, ಎಂಐಟಿಯಲ್ಲಿ ಅಮೆರಿಕದ ಮೊತ್ತಮೊದಲ ವಿಶ್ವವಿದ್ಯಾಲಯ ಮಟ್ಟದ ವಾಸ್ತುಶಿಲ್ಪ ಶಿಕ್ಷಣವನ್ನು ಆರಂಭಿಸಿದವರೂ ಹೌದು.

1870ರ ಅಕ್ಟೋಬರ್ 6ರಂದು ಅಡಿಗಲ್ಲು ಇಟ್ಟರು. 1874ರಲ್ಲಿ ಊಟದ ಹಾಲ್ ಮತ್ತು ಹಜಾರ ಬಳಕೆಗೆ ಬಂದವು. ಸ್ಯಾಂಡರ್ಸ್ ರಂಗಮಂದಿರ ಮರುವರ್ಷ, ಗೋಪುರ 1877ರಲ್ಲಿ ಮುಗಿದವು. 1878ರಲ್ಲಿ ಕಟ್ಟಡವನ್ನು ವಿಶ್ವವಿದ್ಯಾಲಯಕ್ಕೆ ವಿಧಿವತ್ತಾಗಿ ಒಪ್ಪಿಸಲಾಯಿತು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಹಜಾರ. ಎರಡೂ ಕಡೆಯ ಗೋಡೆಗಳಿಗೆ ಆಳೆತ್ತರ ಮೀರಿ ಕಪ್ಪು ವಾಲ್‌ನಟ್ ಮರದ ಹೊದಿಕೆ, ಅದರಲ್ಲಿ ಕೂರಿಸಿದ 28 ಬಿಳಿ ಅಮೃತಶಿಲೆಯ ಫಲಕಗಳು. ಒಂದೊಂದು ಹೆಸರಿನ ಕೆಳಗೂ ಅವನು ಯಾವ ದಿನ, ಎಲ್ಲಿ ಮಡಿದ ಎಂಬ ವಿವರ. ಹೆಸರುಗಳು ತರಗತಿಯ ಪ್ರಕಾರ ಇವೆ, ಸೇನೆಯಲ್ಲಿನ ಹುದ್ದೆಯ ಪ್ರಕಾರ ಅಲ್ಲ. 1860ರ ತರಗತಿಯವರ ನಡುವೆ ರಾಬರ್ಟ್ ಗೌಲ್ಡ್ ಶಾ ಇದ್ದಾನೆ. ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ದಳವನ್ನು ಮುನ್ನಡೆಸಿ, 1863ರ ಜುಲೈ 18ರಂದು ಫೋರ್ಟ್ ವ್ಯಾಗ್ನರ್‌ನ ದಾಳಿಯಲ್ಲಿ ಸತ್ತವನು. ದಕ್ಷಿಣದ ಪರವಾಗಿ ಹೋರಾಡಿ ಸತ್ತ ಹಾರ್ವರ್ಡ್‌ನವರ ಹೆಸರು ಇಲ್ಲಿಲ್ಲ. ಅವರನ್ನೂ ಸೇರಿಸಬೇಕೆಂಬ ಮಾತು ಆಗಾಗ ಎದ್ದಿದೆ. ಗುಲಾಮಗಿರಿಯನ್ನು ಕೊನೆಗಾಣಿಸಿದ ಪಕ್ಷಕ್ಕಾಗಿ ಕಟ್ಟಿದ ಮನೆ ಇದು, ಹೀಗೆಯೇ ಇರಲಿ ಎಂಬ ನಿಲುವು ಉಳಿದುಕೊಂಡಿದೆ. ಅದು ಸರಿ ಎಂದೇ ನನ್ನ ಅಭಿಪ್ರಾಯ. ಹೆನ್ರಿ ಜೇಮ್ಸ್‌ನ ‘ದಿ ಬಾಸ್ಟೋನಿಯನ್ಸ್’ ಕಾದಂಬರಿಯಲ್ಲಿ ದಕ್ಷಿಣದ ಮಾಜಿ ಸೈನಿಕನೊಬ್ಬ ಇದೇ ಹಜಾರಕ್ಕೆ ಬರುವ ಪ್ರಸಂಗವಿದೆ. ಸೋತ ಪಕ್ಷದವನು ಗೆದ್ದವರ ಸತ್ತವರನ್ನು ಗೌರವದಿಂದ ನೋಡುವ ಆ ಪುಟಗಳನ್ನು ಓದಿದವರಿಗೆ ಈ ಜಾಗದ ತೂಕ ಗೊತ್ತಾಗುತ್ತದೆ.

ಹಜಾರದಿಂದ ಪಶ್ಚಿಮದ ಬಾಗಿಲು ದಾಟಿದರೆ ಊಟದ ಹಾಲ್. ವಿಸ್ತಾರ ಸುಮಾರು 9,000 ಚದರ ಅಡಿ. ತಲೆಯ ಮೇಲೆ ಬಹು ಎತ್ತರದಲ್ಲಿ ಮರದ ತೊಲೆಗಳ ಚಾವಣಿ, ಗೋಡೆಗಳ ಮೇಲೆ ದಾನಿಗಳ, ಅಧ್ಯಕ್ಷರ, ಅಧ್ಯಾಪಕರ ತೈಲಚಿತ್ರಗಳು, ಅಮೃತಶಿಲೆಯ ಎದೆಮಟ್ಟದ ಪ್ರತಿಮೆಗಳು. ಬಣ್ಣದ ಗಾಜಿನ ಕಿಟಕಿಗಳು ಒಮ್ಮೆಗೇ ಬಂದವಲ್ಲ. ಬೇರೆ ಬೇರೆ ತರಗತಿಯವರು ಎರಡು ದಶಕಗಳಿಗೂ ಹೆಚ್ಚು ಕಾಲ ಒಂದೊಂದಾಗಿ ಕೊಡುತ್ತ ಹೋದರು. ಜಾನ್ ಲಾ ಫಾರ್ಜ್‌ನ ‘ಬ್ಯಾಟಲ್ ವಿಂಡೊ’ ಅವುಗಳಲ್ಲಿ ಹೆಸರಾದದ್ದು. ಸಾರಾ ವೈಮನ್ ವಿಟ್‌ಮನ್ ಎಂಬ ಕಲಾವಿದೆ ಮಾಡಿದ ಕಿಟಕಿಗಳೂ ಈ ಕಟ್ಟಡದಲ್ಲಿವೆ. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕಾಲೇಜಿನ ಗೋಡೆಗೆ ಹೆಣ್ಣೊಬ್ಬಳ ಕೈಕೆಲಸ ಬೆಳಕು ತಂದದ್ದನ್ನು ನೋಡಿದವರು ಮರೆಯಬಾರದು.

ತುಂಬಿದ ಪಂಕ್ತಿ: 1874–1914

ಹಾಲ್ ತೆರೆದದ್ದು ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಕಾಲದಲ್ಲಿ. 1869ರಿಂದ 1909ರವರೆಗೆ, ನಲವತ್ತು ವರ್ಷ ಅವರು ಅಧಿಕಾರದಲ್ಲಿದ್ದರು. ಸಣ್ಣ ಕಾಲೇಜೊಂದು ದೊಡ್ಡ ವಿಶ್ವವಿದ್ಯಾಲಯವಾದದ್ದು ಆಗಲೇ. ವಿದ್ಯಾರ್ಥಿಗಳ ಸಂಖ್ಯೆ ಏರಿದಂತೆ ಊಟದ ಪ್ರಶ್ನೆಯೂ ಏರಿತು. ಹಾರ್ವರ್ಡ್ ಡೈನಿಂಗ್ ಅಸೋಸಿಯೇಷನ್ ಎಂಬ ಸಂಘ ಇಲ್ಲಿನ ಮೆಸ್ ನಡೆಸುತ್ತಿತ್ತು. ಲಾಭವಿಲ್ಲದೆ, ತಗುಲಿದ ಖರ್ಚನ್ನು ಉಂಡವರೇ ಹಂಚಿಕೊಳ್ಳುವುದು ಅದರ ನಿಯಮ. ನಮ್ಮ ಹಾಸ್ಟೆಲುಗಳಲ್ಲಿ ತಿಂಗಳ ಕೊನೆಗೆ ಲೆಕ್ಕ ಹಾಕಿ ತಲೆಗಿಷ್ಟು ಎಂದು ಬೋರ್ಡಿಗೆ ಹಚ್ಚುತ್ತಿದ್ದರಲ್ಲ, ಅದೇ ಬಗೆ.

ಅಡುಗೆಯ ಬಗ್ಗೆ ದೂರುಗಳು ಇದ್ದವು, ಬಿಲ್ಲಿನ ಬಗ್ಗೆಯೂ ಇದ್ದವು. ಅವುಗಳ ನಡುವೆಯೇ ಜಾಗಕ್ಕಾಗಿ ಕಾಯುವವರ ಪಟ್ಟಿ ಬೆಳೆಯಿತು. ಅಷ್ಟು ವಿಸ್ತಾರದ ಹಾಲ್ ಕೂಡ ಸಾಲದೆ 1899ರಲ್ಲಿ ಕರ್ಕ್‌ಲ್ಯಾಂಡ್ ಬೀದಿಯ ಆಚೆ ರಾಂಡಲ್ ಹಾಲ್ ಎಂಬ ಎರಡನೆಯ ಊಟದ ಮನೆ ಕಟ್ಟಿದರು. ಎರಡು ವರ್ಷದ ಮೇಲೆ, 1901ರಲ್ಲಿ, ಯಾವ ಕ್ಲಬ್ಬಿಗೂ ಸೇರದ ಸಾಮಾನ್ಯ ವಿದ್ಯಾರ್ಥಿಗಳಿಗಾಗಿ ಹಾರ್ವರ್ಡ್ ಯೂನಿಯನ್ ತೆರೆಯಿತು. ಅದರ ದಾನಿ ಹೆನ್ರಿ ಲೀ ಹಿಗ್ಗಿನ್‌ಸನ್ ಸ್ವತಃ ಅಂತರ್ಯುದ್ಧದಲ್ಲಿ ಹೋರಾಡಿದವರು, ಫಲಕದಲ್ಲಿ ಹೆಸರಿರುವ ರಾಬರ್ಟ್ ಶಾನ ಗೆಳೆಯರು.

ಆ ಕಾಲದ ಹಾರ್ವರ್ಡ್‌ನಲ್ಲಿ ಸಿರಿವಂತರ ಮಕ್ಕಳಿಗೆ ಖಾಸಗಿ ಕ್ಲಬ್ಬುಗಳು, ಖಾಸಗಿ ವಸತಿಗೃಹಗಳು ಇದ್ದವು. ಹಳ್ಳಿಯಿಂದ ಬಂದವನು, ವಿದ್ಯಾರ್ಥಿವೇತನದ ಮೇಲೆ ಓದುವವನು, ಬೇರೆ ರಾಜ್ಯದವನು ಉಣ್ಣಲು ಬರುತ್ತಿದ್ದದ್ದು ಮೆಮೋರಿಯಲ್ ಹಾಲಿಗೆ. ಈ ಸಂಸ್ಥೆ ತೀರಿಸಿದ ಸಾಮಾಜಿಕ ಅಗತ್ಯ ಯಾವುದು ಎಂದು ಯಾರಾದರೂ ಕೇಳಿದರೆ ಮೊದಲು ಹೇಳಬೇಕಾದ್ದು ಇದನ್ನೇ.

ಬರಿದಾದ ಹಾಲ್: 1914–1990

ಊಟದ ಮನೆ ಇಳಿಮುಖವಾದದ್ದಕ್ಕೆ ಒಂದೇ ಕಾರಣವಿಲ್ಲ. ಹಾರ್ವರ್ಡ್ ಚೌಕದಲ್ಲಿ ಹೋಟೆಲುಗಳು ಹೆಚ್ಚಿದವು, ಹುಡುಗರ ರೂಢಿ ಬದಲಾಯಿತು. ಎಲಿಯಟ್ ನಂತರ ಬಂದ ಅಧ್ಯಕ್ಷ ಲಾರೆನ್ಸ್ ಲೋವೆಲ್ 1914ರಲ್ಲಿ ನದಿಯ ದಡದಲ್ಲಿ ಮೊದಲ ವರ್ಷದವರಿಗೆಂದು ವಸತಿಗೃಹಗಳನ್ನು ತೆರೆದರು. ಊಟದ ವ್ಯವಸ್ಥೆ ಅಲ್ಲಿಯೇ ಆಯಿತು. ಸಿರಿವಂತರೂ ಬಡವರೂ ಒಟ್ಟಿಗೆ ಇರಲಿ ಎಂಬುದು ಅವರ ಉದ್ದೇಶವಾಗಿತ್ತು. ಆದರೆ ಅದೇ ವಸತಿಗೃಹಗಳಿಂದ ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟ ಕ್ರಮ 1922ರಲ್ಲಿ ಬೆಳಕಿಗೆ ಬಂದಾಗ ಹಳೆಯ ವಿದ್ಯಾರ್ಥಿಗಳೇ ಎದ್ದು ಕೇಳಿದರು. 1923ರಲ್ಲಿ ವಿಶ್ವವಿದ್ಯಾಲಯದ ಮೇಲ್ವಿಚಾರಣಾ ಮಂಡಳಿ ಆ ಕ್ರಮವನ್ನು ತಿದ್ದಿತು. ಯಾರ ಪಕ್ಕ ಯಾರು ಕೂತು ಉಣ್ಣಬೇಕು ಎಂಬ ಪ್ರಶ್ನೆ ನಮ್ಮ ನಾಡಿನ ಹಾಸ್ಟೆಲುಗಳಲ್ಲೂ ಅದೇ ದಶಕಗಳಲ್ಲಿ ಎದ್ದಿತ್ತು ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

1920ರ ದಶಕದ ನಡುವೆ ಮೆಮೋರಿಯಲ್ ಹಾಲಿನ ಅಡುಗೆಮನೆ ಮುಚ್ಚಿತು. 1930ರಿಂದ ಎಡ್ವರ್ಡ್ ಹಾರ್ಕ್‌ನೆಸ್‌ರ ದಾನದಲ್ಲಿ ಕಟ್ಟಿದ ‘ಹೌಸ್’ ಎಂಬ ವಸತಿಗೃಹಗಳು ತೆರೆದವು. ಒಂದೊಂದು ಹೌಸಿಗೂ ಒಂದೊಂದು ಊಟದ ಹಾಲ್. ಮೊದಲ ವರ್ಷದವರು ಯಾರ್ಡ್‌ಗೆ ಬಂದರು, ಅವರ ಊಟ ಯೂನಿಯನ್‌ಗೆ ಹೋಯಿತು. ಮೆಮೋರಿಯಲ್ ಹಾಲಿನಲ್ಲಿ ಉಳಿದದ್ದು ಪರೀಕ್ಷೆ, ಪ್ರವೇಶದ ನೋಂದಣಿ, ನೃತ್ಯಕೂಟ, ರಕ್ತದಾನ ಶಿಬಿರ. ರಂಗಮಂದಿರದ ಬದಿ ಮಾತ್ರ ಬರಿದಾಗಲಿಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಗೌರವ ಡಾಕ್ಟರೇಟ್ ಪಡೆದ ವಿನ್‌ಸ್ಟನ್ ಚರ್ಚಿಲ್ ಸ್ಯಾಂಡರ್ಸ್‌ನಲ್ಲಿ ಭಾಷಣ ಮಾಡಿದರು.

ನೆಲಮಾಳಿಗೆಗೂ ಒಂದು ಕಥೆಯಿದೆ. ಮನಶ್ಶಾಸ್ತ್ರ ವಿಭಾಗದ ಪ್ರಯೋಗಾಲಯಗಳು ಅಲ್ಲಿ ನೆಲೆಸಿದವು. ಎಸ್. ಎಸ್. ಸ್ಟೀವನ್ಸ್ ಶಬ್ದ ಮತ್ತು ಶ್ರವಣವನ್ನು ಅಧ್ಯಯನ ಮಾಡಿದರು, ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದರು. ಸ್ಟೀವನ್ಸ್‌ರ ಪ್ರಯೋಗಾಲಯದಲ್ಲಿ ದುಡಿದ ಗೆಯೋರ್ಗ್ ಫಾನ್ ಬೇಕೆಶಿ ಒಳಗಿವಿಯ ಕೆಲಸದ ಬಗೆಯನ್ನು ಕಂಡುಹಿಡಿದದ್ದಕ್ಕೆ 1961ರಲ್ಲಿ ನೊಬೆಲ್ ಪಡೆದರು. 1960ರ ದಶಕದಲ್ಲಿ ಈ ವಿಭಾಗ ಎದುರಿನ ಹೊಸ ಬಹುಮಹಡಿ ಕಟ್ಟಡ ವಿಲಿಯಂ ಜೇಮ್ಸ್ ಹಾಲ್‌ಗೆ ಹೋಯಿತು. ಆ ಕಟ್ಟಡಕ್ಕಾಗಿ ಕೆಡವಿದ್ದು ಹಳೆಯ ರಾಂಡಲ್ ಹಾಲನ್ನು. ಎರಡು ಊಟದ ಮನೆಗಳಲ್ಲಿ ಒಂದು ನೆಲಸಮವಾಯಿತು, ಇನ್ನೊಂದು ಉಳಿಯಿತು.

ಉಳಿದದ್ದಕ್ಕೂ ಪೆಟ್ಟು ಬೀಳದೆ ಇರಲಿಲ್ಲ. 1956ರ ಸೆಪ್ಟೆಂಬರ್ 6ರಂದು ಗೋಪುರದ ದುರಸ್ತಿ ನಡೆಯುತ್ತಿದ್ದಾಗ ಬೆಂಕಿ ಹತ್ತಿ ಅದರ ಮೇಲ್ಭಾಗ, 1897ರಲ್ಲಿ ಕೂರಿಸಿದ್ದ ಗಡಿಯಾರದ ಸಮೇತ ಸುಟ್ಟುಹೋಯಿತು. ಮುಂದಿನ ನಲವತ್ತಕ್ಕೂ ಹೆಚ್ಚು ವರ್ಷ ಆ ಗೋಪುರ ಮೊಂಡಾಗಿಯೇ ನಿಂತಿತ್ತು. ವಿಕ್ಟೋರಿಯಾ ಕಾಲದ ಗೋಥಿಕ್ ಕಟ್ಟಡಗಳೆಂದರೆ ಜನ ಮೂಗು ಮುರಿಯುತ್ತಿದ್ದ ದಿನಗಳು ಅವು. 1970ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಘೋಷಣೆಯಾದ ಮೇಲೆ ಅದನ್ನು ನೋಡುವ ಕಣ್ಣು ನಿಧಾನವಾಗಿ ಬದಲಾಯಿತು.

ಜೀರ್ಣೋದ್ಧಾರ: 1993–1999

1990ರ ದಶಕದ ಆರಂಭಕ್ಕೆ ಯೂನಿಯನ್ ಇಕ್ಕಟ್ಟಾಗಿತ್ತು. ಅದನ್ನು ಮಾನವಿಕ ವಿಭಾಗಗಳಿಗೆ ಬಿಟ್ಟುಕೊಟ್ಟು ಮೊದಲ ವರ್ಷದವರ ಊಟವನ್ನು ಮೆಮೋರಿಯಲ್ ಹಾಲಿಗೇ ಮರಳಿಸುವ ಯೋಜನೆ ಸಿದ್ಧವಾಯಿತು. ಯೂನಿಯನ್‌ನಲ್ಲಿ ಉಂಡು ಬೆಳೆದವರಲ್ಲಿ ಹಲವರಿಗೆ ಅಲ್ಲಿನ ದೊಡ್ಡ ಹಾಲ್ ಹಂಚಿಹೋಗುವುದು ನೋವಿನ ವಿಷಯವಾಗಿತ್ತು. ಅವರ ಮಾತನ್ನೂ ವಿಶ್ವವಿದ್ಯಾಲಯ ಕೇಳಿಸಿಕೊಂಡಿತು. ಕೆಲಸ ಮುಂದುವರಿಯಿತು. ಆ ಕಟ್ಟಡ 1997ರಿಂದ ಬಾರ್ಕರ್ ಸೆಂಟರ್ ಆಗಿದೆ.

1993ರಲ್ಲಿ ವಾಲ್ಟರ್ ಆ್ಯನೆನ್‌ಬರ್ಗ್ ಹಾರ್ವರ್ಡ್‌ಗೆ 2.5 ಕೋಟಿ ಡಾಲರ್ ದಾನ ಘೋಷಿಸಿದರು. ಅವರ ಮಗ ರೋಜರ್ ಹಾರ್ವರ್ಡ್‌ನ 1962ರ ತರಗತಿಯವರು, ಎಳೆವಯಸ್ಸಿನಲ್ಲಿ ತೀರಿಕೊಂಡವರು. ಊಟದ ಹಾಲಿಗೆ ಅವರ ನೆನಪಿನಲ್ಲಿ ಆ್ಯನೆನ್‌ಬರ್ಗ್ ಹಾಲ್ ಎಂದು ಹೆಸರಾಯಿತು. ಯುದ್ಧದಲ್ಲಿ ಮಡಿದ ಮಕ್ಕಳಿಗಾಗಿ ಎದ್ದ ಕಟ್ಟಡಕ್ಕೆ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಂದೆಯ ಹೆಸರು ಹೀಗೆ ಸೇರಿತು.

ನವೀಕರಣದ ಹೊಣೆ ರಾಬರ್ಟ್ ವೆಂಚೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ದಂಪತಿಯ ಸಂಸ್ಥೆಯದು. ಅಲಂಕಾರವೇ ಅಪರಾಧ ಎಂಬಂತಿದ್ದ ಕಾಲದಲ್ಲಿ ಹಳೆಯ ಕಟ್ಟಡಗಳ ಸಂಕೀರ್ಣತೆಯ ಪರ ವಾದಿಸಿದವರು ಇವರು. ಹಾಗಾಗಿ ಈ ಕೆಲಸಕ್ಕೆ ತಕ್ಕವರೇ ಸಿಕ್ಕರು. ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಸ್‌ಕರ್ ಪ್ರಶಸ್ತಿ 1991ರಲ್ಲಿ ವೆಂಚೂರಿ ಒಬ್ಬರಿಗೇ ಹೋಯಿತು. ಡೆನಿಸ್ ಸ್ಕಾಟ್ ಬ್ರೌನ್‌ರಿಗೂ ಅದರಲ್ಲಿ ಪಾಲು ಸಲ್ಲಬೇಕೆಂದು 2013ರಲ್ಲಿ ಸಹಿ ಸಂಗ್ರಹಿಸಿದವರು ಹಾರ್ವರ್ಡ್‌ನದೇ ವಿನ್ಯಾಸ ಶಾಲೆಯ ವಿದ್ಯಾರ್ಥಿನಿಯರು. ತೀರ್ಪುಗಾರರು ಒಪ್ಪಲಿಲ್ಲ. ಒಪ್ಪಬೇಕಿತ್ತು.

ಇಂಥ ಹಾಲಿನಲ್ಲಿ ಮತ್ತೆ ದಿನಕ್ಕೆ ಮೂರು ಹೊತ್ತು ಊಟ ಹಾಕುವುದು ಗೋಡೆಗೆ ಬಣ್ಣ ಬಳಿದಷ್ಟು ಸುಲಭದ ಕೆಲಸವಲ್ಲ. ನೂರು ವರ್ಷದ ಮಸಿ ಕೂತ ಮರವನ್ನು ಅದರ ಮೆರುಗು ಕೆಡದಂತೆ ತೊಳೆಯಬೇಕು. ಒಲೆಯ ಹೊಗೆ, ಹಬೆ, ಜಿಡ್ಡು ತೈಲಚಿತ್ರಗಳಿಗೂ ಗಾಜಿಗೂ ತಾಗದ ಹಾಗೆ ಗಾಳಿ ಹೊರಹೋಗುವ ದಾರಿ ಬೇಕು. ಬೆಂಕಿಯ ಅನಾಹುತ ಕಂಡ ಕಟ್ಟಡಕ್ಕೆ ಹೊಸ ಕಾಲದ ಸುರಕ್ಷೆ ಬೇಕು. ಮೆಟ್ಟಿಲು ಹತ್ತಲಾರದವರು ಗಾಲಿಕುರ್ಚಿಯಲ್ಲಿ ಬಂದು ಎಲ್ಲರ ಜೊತೆ ಕೂರುವಂತಾಗಬೇಕು. ಈ ಕೊಳವೆ, ತಂತಿ, ಯಂತ್ರಗಳೆಲ್ಲ ಇದ್ದೂ ಕಣ್ಣಿಗೆ ಬೀಳಬಾರದು. ಹಾಲಿನೊಳಗೆ ಹೋದವರಿಗೆ ಮೊದಲು ಕಾಣುವುದು ಇಂದಿಗೂ ತೊಲೆ, ಗಾಜು, ಉದ್ದನೆಯ ಮೇಜುಗಳ ಸಾಲು. ನವೀಕರಣ ಗೆದ್ದದ್ದಕ್ಕೆ ಬೇರೆ ಸಾಕ್ಷಿ ಬೇಡ.

1996ರ ಜನವರಿಯಲ್ಲಿ ಆ್ಯನೆನ್‌ಬರ್ಗ್ ಹಾಲ್ ತೆರೆಯಿತು. ನೆಲಮಾಳಿಗೆಯಲ್ಲಿ ಎಲ್ಲ ತರಗತಿಯವರೂ ಸೇರಲೆಂದು ಲೋಕರ್ ಕಾಮನ್ಸ್ ಎಂಬ ಜಾಗ ಮಾಡಿದರು. ನಿರೀಕ್ಷಿಸಿದಷ್ಟು ಜನ ಅಲ್ಲಿ ಸೇರಲಿಲ್ಲ. 2007ರಲ್ಲಿ ಅದು ವಿದ್ಯಾರ್ಥಿಗಳ ಪಬ್ ಆಯಿತು. ಕ್ಯಾಥರಿನ್ ಬೊಗ್ಡಾನೊವಿಚ್ ಲೋಕರ್ ಕೊಟ್ಟ 20 ಲಕ್ಷ ಡಾಲರ್ ನೆರವಿನಿಂದ ಗೋಪುರದ ಶಿಖರ 1999ರಲ್ಲಿ ಮತ್ತೆ ಎದ್ದಿತು.

ಈಚಿನ ವರ್ಷಗಳು

ಇಂದು ಪ್ರತಿ ವರ್ಷ ಸುಮಾರು 1,600 ಹೊಸ ವಿದ್ಯಾರ್ಥಿಗಳು ಇಲ್ಲಿ ಉಣ್ಣುತ್ತಾರೆ. 1874ರಲ್ಲಿ ಈ ಮೇಜುಗಳಲ್ಲಿ ಕೂರಲು ಅವಕಾಶವೇ ಇಲ್ಲದಿದ್ದ ಹೆಣ್ಣುಮಕ್ಕಳು ಅವರಲ್ಲಿ ಸುಮಾರು ಅರ್ಧದಷ್ಟು. ಇಲ್ಲಿ ಹುಟ್ಟಿ ಬೆಳೆದ ಭಾರತೀಯರ ಮಕ್ಕಳು, ಭಾರತದಿಂದಲೇ ನೇರ ಬಂದವರು, ನಾನಾ ದೇಶದವರು ಇದ್ದಾರೆ. ಕಾಲೇಜಿಗೆ ಸೇರಿದ ಮೊದಲ ವಾರ, ಯಾರ ಗುರುತೂ ಇಲ್ಲದೆ, ಕೈಯಲ್ಲಿ ಟ್ರೇ ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತ ನಿಲ್ಲುವ ಹುಡುಗ ಹುಡುಗಿಯರಿಗೆ ಈ ಉದ್ದನೆಯ ಮೇಜುಗಳು ಮಾಡುವ ಉಪಕಾರ ದೊಡ್ಡದು. ಚಿಕ್ಕ ಮೇಜಾದರೆ ಗುಂಪುಗಳು ಬೇಗ ಕಟ್ಟಿಕೊಳ್ಳುತ್ತವೆ. ಉದ್ದದ ಸಾಲಿನಲ್ಲಿ ಯಾರಾದರೊಬ್ಬರ ಪಕ್ಕ ಕೂರಲೇಬೇಕು.

ಊಟದ ಮನೆಯ ಚರಿತ್ರೆಯಲ್ಲಿ ಬಡಿಸಿದವರ ಮಾತು ಹೇಳದಿದ್ದರೆ ಅರ್ಧ ಹೇಳಿದಂತೆ. 2016ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್‌ನ ಊಟದ ಹಾಲುಗಳ ಸುಮಾರು 750 ಕೆಲಸಗಾರರು 22 ದಿನ ಮುಷ್ಕರ ಹೂಡಿದರು. ವರ್ಷಕ್ಕೆ ಕನಿಷ್ಠ 35,000 ಡಾಲರ್ ಆದಾಯ, ಆರೋಗ್ಯ ವಿಮೆಯ ಹೊರೆ ಹೆಚ್ಚದಿರುವುದು ಅವರ ಬೇಡಿಕೆಗಳಾಗಿದ್ದವು. ವಿದ್ಯಾರ್ಥಿಗಳು ಅವರ ಜೊತೆ ನಿಂತರು. ಮಾತುಕತೆಯಲ್ಲಿ ಮುಖ್ಯ ಬೇಡಿಕೆಗಳು ಈಡೇರಿದವು. ಇದನ್ನು ಸಂಸ್ಥೆಯ ಕಹಿ ಪ್ರಕರಣವೆಂದು ಬದಿಗಿಡದೆ, 1766ರಿಂದ ನಡೆದುಬಂದ ಊಟದ ಮನೆಯ ನ್ಯಾಯದ ಮಾತಿನ ಮುಂದುವರಿಕೆ ಎಂದು ಓದಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದಾಗ ಈ ಹಾಲ್ ಇನ್ನೊಮ್ಮೆ ಬರಿದಾಯಿತು. ಈ ಸಲ ಎಪ್ಪತ್ತು ವರ್ಷ ಕಾಯಬೇಕಾಗಲಿಲ್ಲ.

ಈ ಲೇಖನ ಬರೆಯಲು ಕೂತಾಗ ಒಂದು ಸಂಗತಿ ಎದ್ದು ಕಂಡಿತು. ಹಾರ್ವರ್ಡ್‌ನ ಬೆಣ್ಣೆಯ ಜಗಳಕ್ಕೂ ದಾಖಲೆಯಿದೆ, ಗಾಜಿನ ಕಿಟಕಿ ಕೊಟ್ಟವರ ಲೆಕ್ಕವಿದೆ. ಮೈಸೂರು, ಧಾರವಾಡ, ಬೆಂಗಳೂರಿನ ನಮ್ಮ ವಿದ್ಯಾರ್ಥಿನಿಲಯಗಳ ಊಟದ ಮನೆಗಳ ಬಗ್ಗೆ ಬರಹದಲ್ಲಿ ಉಳಿದಿರುವುದು ಬಹಳ ಕಡಿಮೆ. ಅಲ್ಲಿ ಉಂಡು ಓದಿ ಇಲ್ಲಿಗೆ ಬಂದ ಹಿರಿಯರು ನಮ್ಮ ನಡುವೆ ಇದ್ದಾರೆ. ನಿಮ್ಮ ಹಾಸ್ಟೆಲಿನ ಮೆಸ್ ಯಾವಾಗ ಶುರುವಾಯಿತು, ಯಾರು ಕಟ್ಟಿಸಿದರು, ಭಟ್ಟರು ಯಾರು, ತಿಂಗಳ ಬಿಲ್ಲು ಎಷ್ಟಿತ್ತು, ಯಾರ ಪಕ್ಕ ಯಾರು ಕೂರುತ್ತಿದ್ದರು ಎಂಬುದನ್ನು ದಯವಿಟ್ಟು ಬರೆದಿಡಿ. ಹಳೆಯ ಬಿಲ್ಲು, ರಸೀದಿ, ಫೋಟೊಗಳಿದ್ದರೆ ಎಸೆಯಬೇಡಿ. ಆ ಊಟದ ಮನೆಗಳಲ್ಲಿ ಯಾವುದಾದರೂ ದುರಸ್ತಿಗೆ ಕಾದಿದ್ದರೆ, ಅದನ್ನು ಕೆಡವದೆ ಊಟದ ಮನೆಯಾಗಿಯೇ ಉಳಿಸಲು ನಿಮ್ಮ ಕೈಲಾದ ನೆರವು ಕೊಡಿ.